ಚೆಲ್ಲಾಟ ಬೆಕ್ಕಿನದು, ಕಥೆ ಇಲಿಯದು

(ಕನ್ನಡದ ವಿಡಂಬನೆ ಮತ್ತು ಕರಾಳ ಹಾಸ್ಯದ ಕಥೆಗಳನ್ನು ಕುರಿತು ನಮ್ಮ ವರದಿಗಾರರು ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ಓದುಗರೆದುರು ಆಡಿದ ಮಾತುಗಳ ಬರಹ ರೂಪ)



ನಮ್ಮ ಜಿಲ್ಲೆ ಹುಟ್ಟಿದ ಕಥೆಯಿಂದಲೇ ಮಾತು ಶುರು ಮಾಡುತ್ತೇನೆ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆ ಆಯಿತು. ಹೊಸ ಜಿಲ್ಲೆಗೆ ಚಾಲನೆ ಕೊಡಲು ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಬಂದರು. ಬಂದದ್ದು ಚಾಮರಾಜನಗರಕ್ಕಲ್ಲ, ಮಲೆ ಮಹದೇಶ್ವರ ಬೆಟ್ಟಕ್ಕೆ. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ಆಗ ವಿಧಾನಸೌಧದ ತನಕ ಹಬ್ಬಿತ್ತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಬೆರಳು ಮಡಚಿ ಲೆಕ್ಕ ಒಪ್ಪಿಸುವವರಿದ್ದರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದ ಕಡೆ ತಲೆ ಹಾಕಲಿಲ್ಲ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಧೈರ್ಯ ಮಾಡಿ ಬಂದರು. ಅದೇ ವರ್ಷ ಅವರ ಸರ್ಕಾರ ಬಿತ್ತು. ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಕಡೆಗೆ ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಬಂದು, 2018ರಲ್ಲಿ ಐದು ವರ್ಷ ಪೂರೈಸಿದ ಮೇಲೆಯೇ ಊರಿನ ಮೇಲಿದ್ದ ಅಪವಾದ ಅಷ್ಟಿಷ್ಟು ಕಳೆದದ್ದು.

ಇದನ್ನು ಕೇಳಿದಾಗ ಯಾರಿಗಾದರೂ ನಗು ಬರುತ್ತದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಇಲ್ಲಿ ಊರು ಮಾಡಿದ ತಪ್ಪೇನು? ಇಲ್ಲಿನವರೂ ಎಲ್ಲರ ಹಾಗೆ ಕಂದಾಯ ಕಟ್ಟಿದರು, ಓಟು ಹಾಕಿದರು. ರಸ್ತೆ, ಆಸ್ಪತ್ರೆ, ಕುಡಿಯುವ ನೀರು ಬೇಕೆಂದು ಅರ್ಜಿ ಕೊಟ್ಟರು. ಅರ್ಜಿ ತೆಗೆದುಕೊಳ್ಳಬೇಕಾದ ದೊರೆ ಮಾತ್ರ ಇವರ ಊರಿನ ಮಣ್ಣು ಮೆಟ್ಟಿದರೆ ತನಗೆ ಕೇಡು ಎಂದು ದೂರದಲ್ಲಿಯೇ ನಿಂತ. ಮೊದಲು ನಕ್ಕು, ಆಮೇಲೆ ನಕ್ಕದ್ದಕ್ಕೆ ನಾಲಗೆ ಕಹಿಯಾಗುವ ಇಂಥ ಸಂಗತಿಯೇ ಇವತ್ತಿನ ನನ್ನ ವಿಷಯ. ಇದನ್ನು ಕರಾಳ ಹಾಸ್ಯ ಎನ್ನುತ್ತಾರೆ. ನಮ್ಮ ಗಾದೆ ಇದನ್ನು ಇನ್ನೂ ಚೆನ್ನಾಗಿ ಹೇಳಿದೆ: ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಚೆಲ್ಲಾಟವನ್ನು ಬೆಕ್ಕಿನ ಕಡೆಯಿಂದ ಹೇಳಿದರೆ ಅದು ಬರೀ ತಮಾಷೆ. ಅದನ್ನೇ ಇಲಿಯ ಕಡೆಯಿಂದ ಹೇಳಿ, ಆದರೂ ಕೇಳುವವರನ್ನು ನಗಿಸಿದರೆ ಅದು ನಾನು ಹೇಳುತ್ತಿರುವ ಬಗೆಯ ಕಥೆ.

ಮೂರು ಬಗೆಯ ನಗು

ಹಾಸ್ಯ, ವಿಡಂಬನೆ, ಕರಾಳ ಹಾಸ್ಯ ಈ ಮೂರನ್ನೂ ನಾವು ಒಂದೇ ಬುಟ್ಟಿಗೆ ಹಾಕುವುದುಂಟು. ಸ್ವಲ್ಪ ಬಿಡಿಸಿ ನೋಡಿದರೆ ಒಳ್ಳೆಯದು. ಹಾಸ್ಯಕ್ಕೆ ಶತ್ರು ಇಲ್ಲ. ಮನೆಯ ಯಜಮಾನ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲಾ ಹುಡುಕಿದರೆ ಅದು ಹಾಸ್ಯ. ವಿಡಂಬನೆಗೆ ಗುರಿ ಇದೆ. ಆಡುವುದೊಂದು ಮಾಡುವುದೊಂದು ಇರುವವರ ಮುಖದ ಮುಂದೆ ಅದು ಕನ್ನಡಿ ಹಿಡಿಯುತ್ತದೆ. ಕರಾಳ ಹಾಸ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾವು, ಹಸಿವು, ರೋಗ, ಅವಮಾನ ಇರುವ ಕಡೆಗೇ ನಮ್ಮನ್ನು ಕರೆದುಕೊಂಡು ಹೋಗಿ ನಗಿಸುತ್ತದೆ. ಫ್ರಾನ್ಸಿನ ಆಂದ್ರೆ ಬ್ರೆತೋನ್ 1940ರಲ್ಲಿ ಇಂಥ ಬರಹಗಳನ್ನು ಒಟ್ಟು ಮಾಡಿ ಅದಕ್ಕೆ ‘ಕಪ್ಪು ಹಾಸ್ಯ’ ಎಂದು ಹೆಸರಿಟ್ಟ. ಆ ಸಂಗ್ರಹದಲ್ಲಿ ಮೊದಲ ಮಣೆ ಸಿಕ್ಕಿದ್ದು ಐರ್ಲೆಂಡಿನ ಜೊನಾಥನ್ ಸ್ವಿಫ್ಟ್‌ಗೆ. ಈತ 1729ರಲ್ಲಿ ಒಂದು ಕಿರುಹೊತ್ತಗೆ ಬರೆದು, ಬಡವರ ಮಕ್ಕಳನ್ನು ಶ್ರೀಮಂತರ ಊಟಕ್ಕೆ ಮಾರಿದರೆ ದೇಶದ ಬಡತನ ತೀರುತ್ತದೆ ಎಂದು ಲೆಕ್ಕಪತ್ರ ಸಮೇತ ವಾದಿಸಿದ. ಬರಹದ ಉದ್ದಕ್ಕೂ ಆತ ಎಲ್ಲಿಯೂ ನಗುವುದಿಲ್ಲ. ಸರ್ಕಾರಿ ವರದಿ ಬರೆಯುವ ಗುಮಾಸ್ತನ ಹಾಗೆ ಗಂಭೀರವಾಗಿ ಬರೆಯುತ್ತಾನೆ. ಬಡವರನ್ನು ಬರೀ ಅಂಕಿಗಳಾಗಿ ನೋಡುವ ಯೋಜನೆಗಳು ಕಡೆಗೆ ಎಲ್ಲಿಗೆ ಮುಟ್ಟುತ್ತವೆ ಎಂಬುದನ್ನು ಆ ಗಾಂಭೀರ್ಯವೇ ತೋರಿಸುತ್ತದೆ.

ಹಾಗೆಂದು ಇದು ಹಡಗಿನಲ್ಲಿ ಬಂದಿಳಿದ ಸರಕು ಎಂದುಕೊಳ್ಳಬೇಕಾಗಿಲ್ಲ. ಹೊನ್ನೂರಿನಿಂದ ಸುತ್ತ ಒಂದು ದಿನದ ದಾರಿ ನಡೆದರೆ ಸಾಕು, ನಮ್ಮಲ್ಲೇ ಇದರ ಬೇರು ಸಿಗುತ್ತದೆ.

ತಿಪ್ಪೆಯ ಮೇಲೆ ಕುಳಿತ ಗುರು

ಕೊಳ್ಳೇಗಾಲ ಸೀಮೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ, ತಾಳಗಳೊಡನೆ ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಚಿಕ್ಕಲ್ಲೂರಿನ ಜಾತ್ರೆಗೆ ಹೋಗಿ ಬಂದವರಿಗೆ ನಾನು ಹೊಸದಾಗಿ ಹೇಳಬೇಕಾದದ್ದಿಲ್ಲ. ಅದರಲ್ಲಿ ಕಲ್ಯಾಣದ ಭಾಗವನ್ನು ನೆನಪು ಮಾಡಿಕೊಳ್ಳಿ. ಬಸವಣ್ಣನವರ ಕಲ್ಯಾಣದಲ್ಲಿ ಸಾವಿರಾರು ಶರಣರಿಗೆ ದಿನವೂ ದಾಸೋಹ. ಅವರಲ್ಲಿ ನಿಜವಾದವರು ಯಾರು, ಊಟಕ್ಕೆ ವೇಷ ಹಾಕಿದವರು ಯಾರು ಎಂದು ನೋಡಲು ಧರೆಗೆ ದೊಡ್ಡವರು ಮೈಯೆಲ್ಲಾ ರೋಗ ತುಂಬಿದ, ನಾತ ಹೊಡೆಯುವ ರೂಪದಲ್ಲಿ ಬರುತ್ತಾರೆ. ಮೈಗೆ ವಿಭೂತಿ ಬಳಿದುಕೊಂಡವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಗುರುವಿಗೆ ಸಿಕ್ಕ ಜಾಗ ಕಲ್ಯಾಣದ ತಿಪ್ಪೆ.

ಕೇಳುವವರು ಇಲ್ಲಿ ಬಿದ್ದು ಬಿದ್ದು ನಗುತ್ತಾರೆ. ದೊಡ್ಡ ದೊಡ್ಡ ಮಾತಾಡಿದವರು ಒಂದು ವಾಸನೆಗೆ ದಿಕ್ಕಾಪಾಲಾಗುವುದು ನಗೆಯ ಸಂಗತಿಯೇ ಸರಿ. ಆದರೆ ಈ ಕಾವ್ಯವನ್ನು ತಲೆಮಾರುಗಳಿಂದ ಹಾಡುತ್ತಾ ಬಂದವರಲ್ಲಿ, ಕೇಳುತ್ತಾ ಬಂದವರಲ್ಲಿ ಊರ ಹೊರಗೆ ನಿಲ್ಲಿಸಲ್ಪಟ್ಟವರೂ ಬಹಳ ಮಂದಿ ಇದ್ದರು ಎಂಬುದನ್ನು ಮರೆಯಬಾರದು. ಮೂಗು ಮುಚ್ಚಿಕೊಂಡು ದೂರ ಸರಿಯುವ ಜನರನ್ನು ಅವರು ಕಾವ್ಯದಲ್ಲಿ ಮಾತ್ರ ಕಂಡವರಲ್ಲ. ಜಗತ್ತಿಗೇ ದೊಡ್ಡವನಾದವನು ತಿಪ್ಪೆಯ ಮೇಲೆ ಕುಳಿತಿದ್ದಾನೆ ಎಂದು ಹಾಡುವುದರಲ್ಲಿ ಭಕ್ತಿಯೂ ಇದೆ, ವ್ಯಂಗ್ಯವೂ ಇದೆ, ತೀರದ ನೋವೂ ಇದೆ. ಮೂರನ್ನೂ ಬೇರೆ ಮಾಡಲು ಬರುವುದಿಲ್ಲ. ಎಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ ಎಂಬ ನಾಟಕ ಬರೆದಾಗ ರಂಗಭೂಮಿಗೆ ಬಂದದ್ದು ಈ ಬೆರಕೆಯ ರುಚಿಯೇ.

ಇನ್ನೊಂದು ಭಾಗ ಸಿದ್ಧಪ್ಪಾಜಿಯದು. ಆತ ಹಲಗೂರಿಗೆ ಹೋಗಿ ಕುಲುಮೆಗಳ ಒಡೆಯರಲ್ಲಿ ಕಬ್ಬಿಣದ ಭಿಕ್ಷೆ ಕೇಳುತ್ತಾನೆ. ಕಬ್ಬಿಣದ ರಾಶಿಯ ಪಕ್ಕದಲ್ಲೇ ನಿಂತು ಅವರು ಕಬ್ಬಿಣ ಇಲ್ಲ ಎನ್ನುತ್ತಾರೆ. ಉಗ್ರಾಣದಲ್ಲಿ ಮೂಟೆ ಇಟ್ಟುಕೊಂಡು ‘ಸ್ಟಾಕ್ ಇಲ್ಲ’ ಎಂಬ ಬೋರ್ಡು ತಗುಲಿಸುವುದನ್ನು ಕಂಡಿರುವ ನಮಗೆ ಇದು ಹಳೆಯ ಕಥೆ ಎನ್ನಿಸುವುದೇ ಇಲ್ಲ.

ಯಳಂದೂರಿನ ಇನ್ನೊಂದು ಹೆಸರನ್ನೂ ಹೇಳಲೇಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮ ಈ ಊರಿನವಳು. ಆಕೆಯ ‘ಹದಿಬದೆಯ ಧರ್ಮ’ ಪತಿವ್ರತೆಯರಿಗೆ ನೀತಿ ಹೇಳುವ ಕಾವ್ಯ. ಅದನ್ನು ವಿಡಂಬನೆ ಎಂದರೆ ತಪ್ಪಾಗುತ್ತದೆ. ಆದರೂ ಆ ನೀತಿಯ ನಡುವೆ, ಹೆಣ್ಣು ಎಂದು ಹಳಿಯುವವರನ್ನು ತಡೆದು ನಿಲ್ಲಿಸಿ, ನಿಮ್ಮನ್ನು ಹೆತ್ತವರು ಹೊತ್ತವರು ಯಾರು ಎಂದು ಆಕೆ ಕೇಳುವ ಜಾಗ ಒಂದಿದೆ. ಅರಮನೆಯಲ್ಲಿ ಸಂಚಿ ಹಿಡಿದು ಊಳಿಗ ಮಾಡುವ ಹೆಣ್ಣು ದೊಡ್ಡವರ ಮುಂದೆ ತಲೆ ತಗ್ಗಿಸಿಕೊಂಡೇ ಕೇಳಿದ ಪ್ರಶ್ನೆ ಅದು. ಜೋರಾಗಿ ಮಾತಾಡುವ ಸ್ವಾತಂತ್ರ್ಯ ಇಲ್ಲದವರು ವ್ಯಂಗ್ಯಕ್ಕೆ ಮೊರೆ ಹೋಗುವುದು ಹೀಗೆ.

ನಗದೆ ನಗಿಸುವವರು

ಅಚ್ಚಿನ ಯಂತ್ರ ಬಂದ ಮೇಲೆ ಕನ್ನಡದ ಮೊದಮೊದಲ ಕಾದಂಬರಿಗಳಲ್ಲೇ ವಿಡಂಬನೆ ಕಾಣಿಸಿಕೊಂಡಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು. ವಿಧವೆಯರಿಗೆ ನೀತಿ ಬೋಧಿಸುತ್ತಾ ತಾವು ಬೇರೆಯದೇ ದಾರಿ ಹಿಡಿದವರ ಬಣ್ಣ ಅದರಲ್ಲಿ ಬಯಲಾಗುತ್ತದೆ. ಮುಂದೆ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ‘ಕೊರವಂಜಿ’ ಶುರು ಮಾಡಿದರು. ಅದು 1967ರವರೆಗೆ ಇಪ್ಪತ್ತೈದು ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದದ್ದು, ನಾ. ಕಸ್ತೂರಿ ನಗಿಸಿದ್ದು ಅಲ್ಲಿಯೇ. ಬೀchi ಎಂದು ಅರ್ಧ ಇಂಗ್ಲಿಷಿನಲ್ಲಿ ಸಹಿ ಮಾಡುತ್ತಿದ್ದ ಬೀಚಿಯವರು ತಿಮ್ಮನ ಮೂಲಕ ಕನ್ನಡದ ಮನೆಮನೆಗೆ ಕುಚೋದ್ಯವನ್ನು ಮುಟ್ಟಿಸಿದರು. ಈ ನಗುವಿನ ಋಣ ದೊಡ್ಡದು. ಆದರೆ ಹೆಣದ ಮುಂದೆ ಕೂತು ನಗಿಸುವ ಧೈರ್ಯ ಕನ್ನಡ ಗದ್ಯಕ್ಕೆ ಪೂರ್ತಿಯಾಗಿ ಬಂದದ್ದು 1960ರ ದಶಕದ ನಂತರ.

ಹೆಣದ ಮುಂದೆ ಎಂದದ್ದು ಅಲಂಕಾರಕ್ಕಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಶುರುವಾಗುವುದೇ ಹೆಣದಿಂದ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿರುವಾಗ ಎಲ್ಲ ಕಟ್ಟಳೆ ಮುರಿದವನ ಹೆಣ ಸುಡುವವರು ಯಾರು? ಹೆಣ ಎತ್ತುವ ತನಕ ಯಾರೂ ಉಣ್ಣುವಂತಿಲ್ಲ. ಜೊತೆಯಲ್ಲಿದ್ದ ಚಂದ್ರಿ ತನ್ನ ಒಡವೆಯನ್ನೆಲ್ಲಾ ಬಿಚ್ಚಿ ಮುಂದಿಟ್ಟ ಕೂಡಲೇ, ಅಲ್ಲಿಯವರೆಗೆ ಮೈಲಿಗೆ ಎಂದವರ ಕಣ್ಣು ಬಂಗಾರದ ಮೇಲೆ ಬೀಳುತ್ತದೆ. ಶಾಸ್ತ್ರದ ಚರ್ಚೆ ಒಮ್ಮೆಲೇ ದಾಯಾದಿ ಜಗಳವಾಗುತ್ತದೆ. ಅತ್ತ ಇಲಿಗಳು ಸಾಯುತ್ತಿವೆ, ಹದ್ದುಗಳು ಬರುತ್ತಿವೆ, ಇತ್ತ ಹಸಿದ ಹೊಟ್ಟೆಯಲ್ಲಿ ಧರ್ಮಸೂಕ್ಷ್ಮದ ಹುಡುಕಾಟ ನಡೆದಿದೆ. ಕಡೆಗೆ ರಾತ್ರೋರಾತ್ರಿ ಹೆಣಕ್ಕೆ ಬೆಂಕಿ ಕಾಣಿಸುವವನು ಒಬ್ಬ ಮುಸಲ್ಮಾನ ವ್ಯಾಪಾರಿ. ಹೆಣ ಬೂದಿಯಾದದ್ದೂ ಗೊತ್ತಿಲ್ಲದೆ ಚರ್ಚೆ ಮುಂದುವರಿಯುತ್ತದೆ! ಇದರ ಸಿನಿಮಾ 1970ರಲ್ಲಿ ಸೆನ್ಸಾರ್ ಮಂಡಳಿಯ ತಡೆ ದಾಟಿ ಬಂದು ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು. ತಡೆದದ್ದೂ ಸರ್ಕಾರವೇ, ಪದಕ ಕೊಟ್ಟದ್ದೂ ಸರ್ಕಾರವೇ. ಇದೂ ಒಂದು ವಿಡಂಬನೆ ಅಲ್ಲವೆ?

ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯಲ್ಲಿ ಅಗ್ರಹಾರದ ಜಾಗಕ್ಕೆ ಕಚೇರಿ ಬರುತ್ತದೆ, ಶಾಸ್ತ್ರದ ಜಾಗಕ್ಕೆ ಫೈಲು ಬರುತ್ತದೆ. ತಬರ ಸರ್ಕಾರದ ಸಣ್ಣ ನೌಕರ. ನಿವೃತ್ತನಾದ ಮೇಲೆ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಔಷಧಿಗೆ ದುಡ್ಡು ಬೇಕು, ದುಡ್ಡು ಫೈಲಿನಲ್ಲಿದೆ, ಫೈಲು ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಕಥೆಯಲ್ಲಿ ಯಾವ ಅಧಿಕಾರಿಯೂ ರಾಕ್ಷಸನಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ರೂಲ್ಸಿನ ಪ್ರಕಾರ ಸರಿಯಾಗಿಯೇ ಮಾತಾಡುತ್ತಾರೆ. ಕಡೆಗೆ ದಿಕ್ಕು ಕಾಣದ ತಬರ, ಹೆಂಡತಿಯ ಕಾಲು ಕತ್ತರಿಸಿಕೊಡು ಎಂದು ಕಟುಕನನ್ನು ಕೇಳುತ್ತಾನೆ. ಆಕೆ ಸತ್ತ ಮೇಲೆ ಹಣ ಮಂಜೂರಾಗುತ್ತದೆ. ಗಿರೀಶ್ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದರು. ಅದು 1986ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ತಬರನಾದ ಚಾರುಹಾಸನ್ ಅತ್ಯುತ್ತಮ ನಟರಾದರು.

ಕಟುಕನನ್ನು ಕೇಳುವ ಆ ಮಾತು ಕಿವಿಗೆ ಬಿದ್ದಾಗ ಒಂದು ಕ್ಷಣ ಅಸಂಬದ್ಧ ಎನ್ನಿಸಿ ನಗು ಬರುವಂತಾಗುತ್ತದೆ. ಮರುಕ್ಷಣ ಹೊಳೆಯುತ್ತದೆ: ಇಡೀ ಕಥೆಯಲ್ಲಿ ಸಮಸ್ಯೆಗೆ ನೇರವಾದ ಪರಿಹಾರ ಯೋಚಿಸಿದವನು ತಬರ ಒಬ್ಬನೇ. ಹುಚ್ಚನೆನಿಸಿಕೊಂಡವನು ಅವನು, ಬುದ್ಧಿವಂತರೆನಿಸಿಕೊಂಡವರು ಮೇಜಿನ ಆಚೆ ಇದ್ದವರು.

ಇದು ಕಥೆಗಾರರು ಅತಿ ಮಾಡಿ ಹೇಳುವುದು ಎನ್ನುವವರಿದ್ದಾರೆ. ಅವರಿಗಾಗಿ ಒಂದು ನಿಜ ಸಂಗತಿ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬುವರು 1970ರ ದಶಕದಲ್ಲಿ ಕಂದಾಯ ದಾಖಲೆಯಲ್ಲಿ ಸತ್ತುಹೋದರು. ಜಮೀನಿನ ಆಸೆಗೆ ಸಂಬಂಧಿಕರೇ ಮಾಡಿಸಿದ ಕೆಲಸ ಅದು. ತಾನು ಬದುಕಿದ್ದೇನೆ ಎಂದು ರುಜುವಾತು ಮಾಡಲು ಅವರು ಚುನಾವಣೆಗೂ ನಿಂತರು. ತನ್ನಂಥವರನ್ನೆಲ್ಲಾ ಸೇರಿಸಿ ‘ಮೃತಕ ಸಂಘ’ ಕಟ್ಟಿದರು, ಹೆಸರಿನ ಮುಂದೆ ‘ಮೃತಕ’ ಎಂದು ಸೇರಿಸಿಕೊಂಡರು. ದಾಖಲೆಯಲ್ಲಿ ಅವರಿಗೆ ಮತ್ತೆ ಜೀವ ಬಂದದ್ದು 1994ರಲ್ಲಿ. ರಷ್ಯದ ಗೊಗೊಲ್ 1842ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಒಬ್ಬ ಚಾಲಾಕಿ, ಸತ್ತಿದ್ದರೂ ಸರ್ಕಾರಿ ಪಟ್ಟಿಯಲ್ಲಿ ಬದುಕಿರುವ ಜೀತದಾಳುಗಳನ್ನು ಊರೂರು ಸುತ್ತಿ ಕೊಳ್ಳುತ್ತಾನೆ. ಅಲ್ಲಿ ಸತ್ತವರು ಕಾಗದದಲ್ಲಿ ಬದುಕಿದ್ದರು, ಇಲ್ಲಿ ಬದುಕಿದ್ದವರು ಕಾಗದದಲ್ಲಿ ಸತ್ತರು. ನಮ್ಮ ಪಿಂಚಣಿದಾರರೂ ವರ್ಷಕ್ಕೊಮ್ಮೆ ಬದುಕಿದ್ದೇವೆಂದು ಪ್ರಮಾಣ ಪತ್ರ ಕೊಡಬೇಕು. ಎದುರಿಗೆ ನಿಂತ ಮುದುಕನನ್ನು ನೋಡಿಯೂ ಕಾಗದ ಕೇಳುವ ಗುಮಾಸ್ತ ಕೆಟ್ಟವನೇನಲ್ಲ. ಅವನಿಗೆ ಮುದುಕ ಕಾಣುತ್ತಾನೆ, ಫೈಲಿಗೆ ಕಾಣುವುದಿಲ್ಲ.

ಕಡಲೆಕಾಯಿಯ ರಾತ್ರಿ

ಈಗ ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿಗೆ ಬರೋಣ. ದೇವನೂರ ಮಹಾದೇವರ ‘ಒಡಲಾಳ’ 1970ರ ದಶಕದ ಕೊನೆಯ ಹೊತ್ತಿನದು. ಸಾಕವ್ವನ ಹುಂಜ ಕಾಣೆಯಾಗಿದೆ. ಮುದುಕಿ ಅದಕ್ಕಾಗಿ ಊರು ಒಂದು ಮಾಡುತ್ತಾಳೆ. ಅತ್ತ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಈ ಮನೆಗೆ ಬಂದು ಬೀಳುತ್ತದೆ. ರಾತ್ರಿ ಮನೆಮಂದಿಯೆಲ್ಲಾ ಬೆಂಕಿಯ ಸುತ್ತ ಕುಳಿತು ತಿನ್ನುತ್ತಾರೆ; ಸುಲಿದ ಸಿಪ್ಪೆ ಬೆಂಕಿಗೆ. ಬೆಳಗಾದರೆ ಪೊಲೀಸರು. ಹುಡುಕುತ್ತಾರೆ, ಗದರುತ್ತಾರೆ, ಮನೆಯೆಲ್ಲಾ ಜಾಲಾಡುತ್ತಾರೆ. ಮಾಲು ಇಲ್ಲ. ಎಲ್ಲಿ ಸಿಗಬೇಕು? ಅದು ಒಡಲಾಳ ಸೇರಿದೆ.

ಕಳ್ಳರು ಪೊಲೀಸರ ಕಣ್ಣಿಗೆ ಮಣ್ಣೆರಚುವ ತಮಾಷೆಯ ಕಥೆ ಎಷ್ಟೋ ಇವೆ. ಇದು ಆ ಸಾಲಿಗೆ ಸೇರುವುದಿಲ್ಲ. ಸಾಕ್ಷ್ಯ ನಾಶ ಮಾಡುವುದು ಎಂದು ಕಾನೂನು ಯಾವುದನ್ನು ಕರೆಯುತ್ತದೆಯೋ ಅದನ್ನು ಹಸಿದ ಮಕ್ಕಳು ಊಟ ಎನ್ನುತ್ತವೆ. ಒಂದು ರಾತ್ರಿ ಹೊಟ್ಟೆ ತುಂಬಾ ತಿಂದದ್ದು ಒಂದು ಮನೆಗೆ ಹಬ್ಬವಾಗಿ, ಸರ್ಕಾರಕ್ಕೆ ಅಪರಾಧವಾಗಿ ಕಾಣುವ ಈ ಅಂತರವನ್ನು ಲೇಖಕರು ಎಲ್ಲಿಯೂ ವಿವರಿಸುವುದಿಲ್ಲ. ಅಯ್ಯೋ ಎನ್ನುವುದಿಲ್ಲ, ಧಿಕ್ಕಾರ ಕೂಗುವುದಿಲ್ಲ. ಕಡಲೆಕಾಯಿ ಸುಲಿಯುವ ಸದ್ದನ್ನು ಕೇಳಿಸುತ್ತಾರೆ, ಅಷ್ಟೆ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಸಂತೋಷವೂ ಇದೆ. ಸಿನಿಮಾದಲ್ಲಿ, ಟಿ.ವಿ.ಯ ಕಾಮಿಡಿ ಕಾರ್ಯಕ್ರಮಗಳಲ್ಲಿ ಚಾಮರಾಜನಗರ, ಕೊಳ್ಳೇಗಾಲದ ಕಡೆಯ ಮಾತು ಬಂದರೆ ಸಾಮಾನ್ಯವಾಗಿ ಅದು ದಡ್ಡನ ಬಾಯಲ್ಲಿ ಬರುತ್ತದೆ. ನಮ್ಮ ಅಜ್ಜಿಯರ ಭಾಷೆ ಕೇಳಿದ ಕೂಡಲೇ ನಗಬೇಕು ಎಂದು ನೋಡುವವರಿಗೆ ಅಭ್ಯಾಸ ಮಾಡಿಸಲಾಗಿದೆ. ಇಲ್ಲಿನ ಹುಡುಗರು ಬೆಂಗಳೂರಿಗೆ ಕೆಲಸಕ್ಕೆ ಹೋದ ವಾರದಲ್ಲೇ ಮಾತು ಬದಲಿಸಿಕೊಳ್ಳುವುದು ಇದೇ ಭಯಕ್ಕೆ. ದೇವನೂರರು 1984ರ ‘ಕುಸುಮಬಾಲೆ’ಯಲ್ಲಿ ಈ ಮಾತನ್ನು ಪಾತ್ರಗಳ ಬಾಯಲ್ಲಷ್ಟೇ ಇಡಲಿಲ್ಲ, ಕಥೆ ಹೇಳುವವನ ಭಾಷೆಯನ್ನಾಗಿಯೇ ಮಾಡಿದರು. ರಾತ್ರಿ ಹೊತ್ತು ಜೋತಮ್ಮಗಳು ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುಖದುಃಖ ಆಡಿಕೊಳ್ಳುವುದೂ ಇದೇ ಭಾಷೆಯಲ್ಲಿ, ಒಂದು ಕೊಲೆಯ ಸಂಗತಿ ಹೊರಗೆ ಬರುವುದೂ ಇದೇ ಭಾಷೆಯಲ್ಲಿ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗೆಪಾಟಲಾಗಿದ್ದ ಮಾತು ನಗುವ ಹಕ್ಕು ಪಡೆದುಕೊಂಡಿತು ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಶ್ರೀಕೃಷ್ಣ ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ನನ್ನೂ ಇಲ್ಲಿ ನೆನೆಯಬೇಕು. ಗವ್ವಳ್ಳಿ ಎಂಬ ಹಳ್ಳಿಗೆ ಸ್ನೋ, ಪೌಡರು, ಸೋಪು, ಹೆಂಗಸರ ಒಳಉಡುಪು ಹೊತ್ತು ತರುವ ತಿಮ್ಮನನ್ನು ಕಂಡು ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. 1978ರ ಸಿನಿಮಾದಲ್ಲಿ ಲೋಕೇಶ್ ಆ ಪಾತ್ರವನ್ನು ಮರೆಯಲಾಗದಂತೆ ಮಾಡಿದರು. ಆದರೆ ಆ ಸಾಮಾನಿನ ಗಂಟಿನೊಳಗೆ ಬರೀ ಪೌಡರು ಇರಲಿಲ್ಲ. ಹಳ್ಳಿಗೆ ಹೊಸ ಆಸೆ ಬಂತು. ಆಸೆಯನ್ನು ತಾಳಿಕೊಳ್ಳುವ ಶಕ್ತಿ ಬರಲಿಲ್ಲ. ನಗುವಿನಲ್ಲಿ ಶುರುವಾದದ್ದು ದುರಂತದಲ್ಲಿ ಮುಗಿಯುತ್ತದೆ.

ಹೊಸ ಉದಾಹರಣೆ ಬೇಕೆಂದರೆ ಹಾಸನದ ಬಾನು ಮುಷ್ತಾಕ್ ಇದ್ದಾರೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಮಗೆಲ್ಲ ಗೊತ್ತು. ಅದರಲ್ಲಿ ಕೆಂಪು ಲುಂಗಿಯ ಕಥೆಯೊಂದಿದೆ. ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗಲಾಟೆ ತಾಳಲಾರದ ರಜಿಯಾ, ಹುಡುಗರಿಗೆಲ್ಲಾ ಖತ್ನಾ ಮಾಡಿಸಿದರೆ ಕೆಲವು ದಿನವಾದರೂ ಮಲಗಿರುತ್ತಾರೆ ಎಂದು ಲೆಕ್ಕ ಹಾಕುತ್ತಾಳೆ! ಬಡವರ ಮಕ್ಕಳಿಗೆ ಹಳೆಯ ರೀತಿಯ ಸಾಮೂಹಿಕ ಏರ್ಪಾಟು, ತನ್ನ ಮಗನಿಗೆ ಆಸ್ಪತ್ರೆಯ ಡಾಕ್ಟರು. ಬಡ ಹುಡುಗನ ಗಾಯ ಬೇಗ ಮಾಯುತ್ತದೆ, ಸಾಹುಕಾರರ ಮಗನದು ಕೀವಾಗುತ್ತದೆ. ಲೇಖಕಿ ಯಾರನ್ನೂ ಬಯ್ಯುವುದಿಲ್ಲ. ಓದುತ್ತಾ ನಕ್ಕವರು ಮುಗಿಸುವಾಗ ಮೌನವಾಗುತ್ತಾರೆ.

ವಯಸ್ಕರಿಗೆ ಏಕೆ?

ಇಂಥ ಬರವಣಿಗೆ ವಯಸ್ಕ ಓದುಗರಿಗೆ ಎನ್ನುವುದುಂಟು. ‘ವಯಸ್ಕರಿಗೆ ಮಾತ್ರ’ ಎಂದ ಕೂಡಲೇ ನಮ್ಮ ಮನಸ್ಸು ಟೂರಿಂಗ್ ಟಾಕೀಸಿನ ಪೋಸ್ಟರಿನ ಕಡೆ ಹೋಗುತ್ತದೆ. ಅದಲ್ಲ ಸಂಗತಿ. ಒಬ್ಬ ಮನುಷ್ಯ ಗುಂಡಿಗೆ ಬಿದ್ದರೆ ಮಗು ನಗುತ್ತದೆ. ಬಿದ್ದವನಿಗೆ ಪೆಟ್ಟಾಯಿತೇ ಎಂದು ಯೋಚಿಸುವುದು ದೊಡ್ಡವರಾದ ಮೇಲೆ. ಗುಂಡಿ ತೋಡಿದವರು ಯಾರು, ಮುಚ್ಚಲು ಬಿಲ್ಲು ಮಾಡಿಕೊಂಡವರು ಯಾರು ಎಂದು ಕೇಳುವುದು ಇನ್ನೂ ಬಲಿತ ಮೇಲೆ. ಈ ಮೂರನೆಯ ಪ್ರಶ್ನೆ ಕೇಳಬಲ್ಲವರಿಗಾಗಿ ಬರೆದದ್ದು ಈ ಕಥೆಗಳು. ಇವು ನೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ, ಅರ್ಧ ಕೆಲಸವನ್ನು ಓದುವವರೇ ಮಾಡಬೇಕು. ಮಾಡದಿದ್ದರೆ ಅಪಾಯವೂ ಇದೆ. ತಬರನನ್ನು ಬರೀ ಪೆದ್ದ ಎಂದು ನಕ್ಕುಬಿಡಬಹುದು. ಸಾಕವ್ವನನ್ನು ಬರೀ ಬಾಯಿಬಡಕಿ ಎನ್ನಬಹುದು.

ಆದ್ದರಿಂದ ಇಂಥ ಕಥೆ ಓದುವಾಗ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ನಗು ಯಾವ ಕಡೆ ಹರಿಯುತ್ತಿದೆ? ಕೆಳಗಿನವರಿಂದ ಮೇಲಿನವರ ಕಡೆಗೋ, ಮೇಲಿನವರಿಂದ ಕೆಳಗಿನವರ ಮೇಲೋ? ಕುಂಟನನ್ನು ಕಂಡು ನಗುವುದಕ್ಕೆ ಬರವಣಿಗೆ ಬೇಕಾಗಿಲ್ಲ. ಅದನ್ನು ಬೀದಿಯ ಪುಂಡರೂ ಮಾಡುತ್ತಾರೆ. ಜಾತಿ ಹಿಡಿದು, ಬಣ್ಣ ಹಿಡಿದು, ಹೆಂಗಸೆಂದು, ಭಾಷೆ ಒರಟೆಂದು ನಗಿಸುವುದಕ್ಕೆ ವಿಡಂಬನೆ ಎಂದು ಹೆಸರಿಟ್ಟರೆ ಬೆಕ್ಕೇ ಇಲಿಯ ವೇಷ ಹಾಕಿದಂತೆ.

ಇನ್ನೊಂದು ಕಷ್ಟದ ಪ್ರಶ್ನೆ ಇದೆ. ಎಲ್ಲದರ ಮೇಲೂ ನಗಬಹುದೆ? ಇದೇ ಸೀಮೆಯಲ್ಲಿ ನಿಂತು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಗುಡಿಯ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳವೇ ಇದರ ಹಿಂದಿತ್ತು ಎಂಬುದು ಪೊಲೀಸರ ಆರೋಪ. ಕೈಯೊಡ್ಡಿ ಪ್ರಸಾದ ತೆಗೆದುಕೊಂಡ ಬಡವರ ಸಾವಿನಲ್ಲಿ ನಗುವಂಥದ್ದು ಏನೂ ಇಲ್ಲ. ಅವರ ಮನೆಯವರ ಎದುರಿಗೆ ಓದಲಾಗದ ಯಾವ ಕಥೆಯನ್ನೂ ಬರೆಯಬಾರದು ಎಂದೇ ನನಗೆ ಅನ್ನಿಸುತ್ತದೆ. ಆದರೆ ದೇವರ ಹೆಸರಿನಲ್ಲಿ ಅಧಿಕಾರಕ್ಕೆ ಕಿತ್ತಾಡುವ ಮನುಷ್ಯರ ದುರಾಸೆ ಇದೆಯಲ್ಲ, ಅದು ಎಲ್ಲ ಊರಿನಲ್ಲೂ ಇದೆ. ಅದನ್ನು ಗುರಿಯಾಗಿಸಿಕೊಂಡು, ಸತ್ತವರ ಮೇಲೆ ಒಂದು ಹನಿಯೂ ಸಿಡಿಯದಂತೆ ಬರೆಯಬಲ್ಲವರು ಬಂದರೆ ಅದೇ ದೊಡ್ಡ ವಿಡಂಬನೆಯಾಗುತ್ತದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಇಂಥ ಕೆಲಸ ಮಾಡಿದ ಕಾದಂಬರಿ. ಕೆಸರೂರಿನಲ್ಲಿ ಏಲಕ್ಕಿಯ ಪತ್ತೇದಾರಿಯಿಂದ ಶುರುವಾಗುವ ಕಥೆ ಹೆಜ್ಜೆಹೆಜ್ಜೆಗೂ ನಗಿಸುತ್ತಾ, ಗಾಳಿಮಾತು, ಮತಗಳ ಅಪನಂಬಿಕೆ, ಸಣ್ಣ ಸ್ವಾರ್ಥಗಳೆಲ್ಲ ಸೇರಿ ಇಡೀ ಊರಿಗೇ ಬೆಂಕಿ ಮುಟ್ಟುವಲ್ಲಿಗೆ ಕರೆದೊಯ್ಯುತ್ತದೆ. ಪ್ರತಿಯೊಬ್ಬನೂ ಒಂದೊಂದು ಕಡ್ಡಿ ಗೀರಿದ್ದ. ಯಾರಿಗೂ ಅದು ಬೆಂಕಿ ಎಂದು ಅನ್ನಿಸಿರಲಿಲ್ಲ.

ಇದರಿಂದ ಏನು ಪ್ರಯೋಜನ?

ಮಾತು ಮುಗಿಸುವ ಮೊದಲು, ಪತ್ರಿಕೆಯವರಿಗೆ ಜನ ಕೇಳುವ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಇಷ್ಟೆಲ್ಲ ಬರೆದದ್ದರಿಂದ ಏನಾಯಿತು? ತಬರನ ಕಥೆ ಬಂದ ಮೇಲೂ ತಬರರು ಇದ್ದಾರೆ. 2011ರಲ್ಲಿ ಕರ್ನಾಟಕದಲ್ಲಿ ‘ಸಕಾಲ’ ಕಾನೂನು ಬಂತು. ಇಂಥ ಅರ್ಜಿ ಇಷ್ಟು ದಿನದೊಳಗೆ ವಿಲೇವಾರಿ ಆಗಬೇಕು, ತಪ್ಪಿದರೆ ಅರ್ಜಿದಾರನಿಗೆ ಪರಿಹಾರ ಎಂದು ಗೊತ್ತು ಮಾಡಿತು. ಕಥೆ ಓದಿ ಸರ್ಕಾರ ಕಾನೂನು ತಂದಿತು ಎಂದು ನಾನು ಹೇಳಲಾರೆ. ಆದರೆ ಫೈಲು ತಡವಾಗುವುದು ಹಣೆಬರಹ ಎಂದು ತಿಳಿದಿದ್ದ ಸಮಾಜ ಅದನ್ನು ಅನ್ಯಾಯ ಎಂದು ಗುರುತಿಸಬೇಕಾದರೆ ಯಾರಾದರೂ ಮೊದಲು ಅದನ್ನು ತೋರಿಸಿಕೊಡಬೇಕು. ವರದಿ ಒಂದು ದಿನ ತೋರಿಸುತ್ತದೆ. ಮರುದಿನ ಆ ಕಾಗದದಲ್ಲಿ ಬೋಂಡ ಕಟ್ಟುತ್ತಾರೆ. ಕಥೆ ಹಾಗಲ್ಲ. ಐವತ್ತು ವರ್ಷದ ಹಿಂದಿನ ತಬರ ಇವತ್ತಿಗೂ ಕಚೇರಿಯ ಮೆಟ್ಟಿಲ ಮೇಲೆ ಕಾಣಿಸುತ್ತಾನೆ, ನೋಡಿದವರು ‘ತಬರನ ಕಥೆಯಾಯಿತು’ ಎನ್ನುತ್ತಾರೆ. ಹೆಸರಿಲ್ಲದ ಸಂಕಟಕ್ಕೆ ಒಂದು ಹೆಸರು ಸಿಕ್ಕಿದ್ದೇ ಕಡಿಮೆ ಸಂಗತಿಯಲ್ಲ.

ನಿಮ್ಮಲ್ಲಿ ಬರೆಯುವ ಹುಡುಗ ಹುಡುಗಿಯರಿದ್ದರೆ ಒಂದು ವಿನಂತಿ. ನಗಿಸುವುದಕ್ಕಾಗಿ ವಿಚಿತ್ರ ಸಂಗತಿ ಹುಡುಕಿಕೊಂಡು ದೂರ ಹೋಗಬೇಡಿ. ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡು, ಪಡಿತರ ಅಂಗಡಿಯಲ್ಲಿ ಹೆಬ್ಬೆರಳು ಸವೆದು ಗುರುತು ಬೀಳದೆ ನಿಂತ ಕೂಲಿ ಹೆಂಗಸು, ಬೋರ್ಡು ಮಾತ್ರ ಇರುವ ಶುದ್ಧ ನೀರಿನ ಘಟಕ, ಇವೆಲ್ಲ ನಮ್ಮ ಸುತ್ತಲೇ ಇವೆ. ಕಂಡದ್ದನ್ನು ಕಂಡ ಹಾಗೆ, ನೀವು ನಗದೆ, ಮುಖ ಗಂಟಿಕ್ಕದೆ ಬರೆಯಿರಿ. ಯಾರ ಮಾತನ್ನೂ ತಿದ್ದಬೇಡಿ. ಬರೆದ ಮೇಲೆ ಅದನ್ನು ಕಥೆಯಲ್ಲಿ ಬರುವಂಥವರ ಮುಂದೆ ಒಮ್ಮೆ ಓದಿ. ಅವರಿಗೆ ನಗು ಬಂದರೆ ಕಥೆ ಗೆದ್ದಿತು. ಅವರು ತಲೆ ತಗ್ಗಿಸಿ, ಸಾಹುಕಾರನೊಬ್ಬನೇ ನಕ್ಕರೆ, ಹರಿದು ಹಾಕಿ ಇನ್ನೊಂದು ಸಲ ಬರೆಯಿರಿ.